ಹಕ್ಕು ಬಿಡುಗಡೆ

ಸೇಡಂ ತಹಸೀಲ ಕಚೇರಿ ಮುಂದ, ಬೇವಿನ ಗಿಡದ ಕೆಳಗ
ಹದಿನೇಳು ವರ್ಷ ಆಯ್ತು ನಾ ಅರ್ಜಿ ಬರಿಯೋದು.
ಜಗದೇವಿ ಅಂದ್ರ ಯಾರಿಗೂ ಗುರ್ತ ಹತ್ತಲ್ಲ,
ಫೌತಿ ಬಾಯಿ ಅಂದ್ರ ಕಟಿಂಗ್ ಅಂಗಡಿಯವನೂ ಬೊಟ್ಟು ಮಾಡಿ ತೋರಸ್ತಾನ.
ಸತ್ತವರ ಹೆಸರು ತೆಗೆದು ಇದ್ದವರದು ಸೇರಿಸೋದು ಕಸುಬು.
ಒಂದು ವಂಶಾವಳಿಗಿ ಎಂಬತ್ತು ರೂಪಾಯಿ,
ಬಡವರಿಗಿ ಐವತ್ತು, ಅಳೋರಿಗಿ ಮ್ಯಾಲೊಂದು ಚಹಾ.

ಎಡಗಡಿ ಮೊಲಿ ತೆಗೆದು ಮೂರು ವರ್ಷ.
ಕೆಂಪು ಔಷಧ ನಾಕು ಸಲ,
ಗುಲಾಬಿ ಶರಬತ್ತಿನಂಗ ಇಳಿತಿತ್ತು ನಳಿಗಿಯೊಳಗ.
ಆಮ್ಯಾಲ ಕರೆಂಟು. ಮಷೀನಿನ ಹುಡುಗ
ಎದಿ ಮ್ಯಾಲ ನೀಲಿ ಶಾಯಿಲೆ ಗೆರಿ ಹಾಕಿದ್ದ,
ಸರ್ವೇದವ ಹೊಲಕ್ಕ ಚಕಬಂದಿ ಹಾಕಿದಂಗ.
ಆ ಗೆರಿ ಒಳಗ ಮತ್ತ್ಯಾರದು ಹೊಲ ಅದ ಅಂತ
ನಾ ಕೇಳಿದ್ದಿಲ್ಲ.
ಗೆದ್ದಿ ಅಂದ್ರು. ಪೇಢೆ ಹಂಚಿದೆ.

ಮಳಖೇಡ ದಾಟೂ ಮುಂದ, ಬಸ್ಸಿನಾಗ ಕುಂತಲ್ಲೇ ದಮ್ಮು ಹತ್ತಿತು.
ಕಲಬುರಗಿಯೊಳಗ ಈ ಸಲ ಬ್ಯಾರೆ ದವಾಖಾನಿ.
ಕ್ಯಾನ್ಸರಿನ ಫೈಲು ಕಂಕುಳಾಗ, ಎದಿ ಡಾಕ್ಟರಮ್ಮನ ಮುಂದ.
ಪಡದೆ ಮ್ಯಾಲ ಮಡುವಿನ ಮೀನು ಬಾಯಿ ತೆಗೀತಿತ್ತು, ಮುಚ್ಚುತಿತ್ತು,
ಸುಸ್ತಾದ ಮೀನು.
ಅರವತ್ತು ಇದ್ದದ್ದು ನಲವತ್ತಾರಕ್ಕ ಇಳಿದದ, ಅಂದಳು,
ಪಹಣಿಯೊಳಗಿನ ಎಕರೆ ಗುಂಟೆ ಓದೋ ದನಿಲೆ.

ಪೆನ್ನು ತೆಗೆದಳು:
ನಿಮ್ಮ ಮನಿತನದಾಗ ಎದಿಲಿಂದ ಹೋದವರು ಯಾರ್ಯಾರು?
ಯಾವ ವಯಸ್ಸಿನಾಗ?

ನನಗ ನಗಿ ಬಂತು.
ಊರ ಮಂದಿದೆಲ್ಲ ಬರದಾಕಿಗಿ ತನ್ನದು ಕೇಳಿದವರಿದ್ದಿಲ್ಲ.
ನಮೂನೆಯೊಳಗ ಹೆಸರಿಗೊಂದು ಕಾಲಮ್ಮು, ಸಂಬಂಧಕ್ಕೊಂದು,
ವಯಸ್ಸು, ಜೀವಂತ ಅಥವಾ ಮೃತ.
ಯಾಕ ಮೃತ ಅನ್ನೋದಕ್ಕ ಜಾಗ ಇಲ್ಲ.

ಮುತ್ಯಾ ಮಾಪಣ್ಣ. ಬಾವಿ ಕಟ್ಟಿ ಮ್ಯಾಲ. ಗಾಳಿ ಬಡೀತು ಅಂದಿದ್ರು.
ದೊಡ್ಡಪ್ಪ ಭೀಮಶ್ಯಾ, ದಾಲ್ ಮಿಲ್ಲಿನಾಗ ಚೀಲ ಇಳಿಸಿ
ಗ್ಯಾಸಂತ ಸೋಡಾ ಕುಡಿದ, ಬಾಟ್ಲಿ ಅರ್ಧಕ್ಕ ಉಳೀತು.
ಕಾಶಿಬಾಯಿ ಅತ್ತಿ. ಹೆಣ್ಣಮಗಳ ಎದಿನೋವು ಯಾರು ಎಣಿಸ್ತಾರ?
ಅಂಜಿಕಿ ಅಂತ ತಾಯಿತ ಕಟ್ಟಿಸಲಿಕ್ಕ ಒಯ್ದ ಹಾದಿಯೊಳಗ.
ಅಪ್ಪ. ಬೆನ್ನು ತಿಕ್ಕು ಅಂದ,
ನಾ ಎಣ್ಣಿ ಬಿಸಿ ಮಾಡಿ ತರೋದ್ರಾಗ.

ಆಕಿ ಎಲ್ಲ ಬರಕೊಂಡಳು, ಗೆರಿ ಎಳೆದಳು.
ಗೆರಿ ಕೆಳಗಿಳಿದು ನನ್ನ ಹೆಸರಿನ ಮ್ಯಾಲ ನಿಂತಿತು.
ಔಷಧ ಒಂದೇ ಮಾಡಿದ್ದಲ್ಲ ಇದು, ಅಂದಳು,
ಗೋಡಿ ಮೊದಲೇ ಬಿರುಕು ಬಿಟ್ಟಿತ್ತು.

ಹನ್ನೊಂದು ವರ್ಷದ ಹಿಂದ ನನ್ನ ಕೈಲೆ ಬರೆದಿದ್ದೆ:
“ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ,
ಪಿತ್ರಾರ್ಜಿತ ಆಸ್ತಿಯಲ್ಲಿನ ನನ್ನ ಹಕ್ಕನ್ನು
ಬಿಟ್ಟುಕೊಟ್ಟಿರುತ್ತೇನೆ.”
ನಾಕು ಎಕರೆ ತೊಗರಿ ಹೊಲ ತಮ್ಮ ಮಲ್ಕಣ್ಣಗ.
ನನಗೊಂದು ಸೀರಿ.
ಅವತ್ತಿನಿಂದ ಮಾತಿಲ್ಲ. ಮೊಲಿ ತೆಗೆದಾಗ ಬಂದಿದ್ದಿಲ್ಲ.

ಈ ಆಸ್ತಿಗಿ ಯಾರೂ ಸಹಿ ಕೇಳಲಿಲ್ಲ.
ಬಿಡ್ತೀನಂದ್ರ ಸ್ಟಾಂಪ್ ಪೇಪರಿಲ್ಲ.
ಇದರಾಗ ಮಾತ್ರ ಹೆಣ್ಣಿಗೂ ಗಂಡಿಗೂ ಸಮಪಾಲು.

ಮರುದಿನ ಗಿರಾಕಿಗಿ ತಡಿಯಪ್ಪ ಅಂದು ಫೋನ್ ಹಚ್ಚಿದೆ.
ನಂಬರು ಬಾಯಿಪಾಠ ಇತ್ತು, ಸಿಟ್ಟು ಮರೀಲಿಕ್ಕ ಬಿಟ್ಟಿದ್ದಿಲ್ಲ.
ಯಾರು? ಅಂದ.
ಜಗ್ಗಿ, ಅಂದೆ.
ಆ ಕಡಿ ಟ್ರ್ಯಾಕ್ಟರ್ ಬಂದಾಯ್ತು.
ಹೊಲದ ಮಾತಲ್ಲೋ. ನಿನ್ನ ವಯಸ್ಸೆಷ್ಟು ಈಗ?
ಮೂವತ್ತೊಂಬತ್ತು. ಯಾಕ?

ಖಾಲಿ ಹೊಟ್ಟಿಲೆ ರಕ್ತ ಕೊಡು ಅಂದೆ. ಬೀಡಿ ಬಿಡು.
ಮಂಗಳವಾರ ನನ್ನ ಮಗಳು ಭುವನಾನ್ನ ತೋರಸ್ಲತ್ತೀನಿ,
ನಿನ್ನ ಹುಡುಗನ್ನೂ ಕರ್ಕೊಂಡು ಬಾ.
ಬಾಳ ಹೊತ್ತು ಸುಮ್ಮನಿದ್ದ.
ಎಣ್ಣಿ ತರಲಿಕ್ಕ ಹೋಗಿದ್ದಾಕಿ ನೀನು, ಅಂದ,
ಬೆನ್ನು ತಿಕ್ಕಿದವ ನಾನು.
ತಣ್ಣಗಿತ್ತು ಅಕ್ಕಾ.

ಗಾಳಿಗಿ ನಮೂನೆ ಹಾರ್ಲತ್ತಿದ್ವು. ಗುಳಿಗಿ ಡಬ್ಬಿ ಇಟ್ಟೆ ಭಾರಕ್ಕ.
ಬಾಯೀ, ನಮ್ಮಪ್ಪನ ಫೌತಿ? ಅಂದ ಗಿರಾಕಿ.
ಕೂಡು ಅಂದೆ. ಹೆಸರು ಬರದೆ, ಸರ್ವೇ ನಂಬರು ಬರದೆ.
ಹೆಂಗ ಹೋದ್ರು?
ಅದೂ ಬೇಕೇನ್ರಿ ಅರ್ಜಿಗಿ?
ಅರ್ಜಿಗಿ ಬ್ಯಾಡ, ಅಂದೆ.
ಹೇಳು.